ಎರಡು ಬೆರಳು ಸಡಿಲ

ಜುಲೈ 6

ಅಮ್ಮಾ,

ಪಾರ್ಸೆಲ್ ಬಂತು. ಮಾದರಿ ಪ್ಯಾಂಟಿನ ಬಲ ಜೇಬಿನಲ್ಲಿ ನಿನ್ನ ಚೀಟಿ ಸಿಕ್ಕಿತು, ಎಡ ಜೇಬಿನಲ್ಲಿ ಒಂದು ಸೂಜಿ. ಚೀಟಿ 'ಊಟ ಮಾಡಿದೆಯಾ' ಎಂದು ಕೇಳಿತು, ಸೂಜಿ ಏನೂ ಕೇಳದೆ ಚುಚ್ಚಿತು. ಎರಡರಲ್ಲೂ ನೀನೇ ಕಂಡೆ.

ಇನ್ನು ಮುಂದೆ ನಾನೂ ಬರೆಯುತ್ತೇನೆ. ಫೋನಿನಲ್ಲಿ ಮಾತಾಡಿದರೆ ಹೊಲಿಗೆ ಯಂತ್ರದ ಸದ್ದಿಗೆ ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧಕ್ಕೆ ನೀನು 'ಹೂಂ' ಎನ್ನುತ್ತೀಯ. ಆಮೇಲೆ 'ನೀನು ಹೇಳಲೇ ಇಲ್ಲ' ಎಂದು ಜಗಳ.

ಈಗ ನನ್ನ ಕೋಣೆಯ ಬಾಗಿಲ ಹಿಂದೆ ಮೂರು ಚೀಲ ತೂಗುಹಾಕಿದ್ದೇನೆ. ಬೆಳಿಗ್ಗೆ ನೀಲಿ ಚೀಲ, ಅದು ಕಾಲೇಜು. ಸ್ನಾತಕೋತ್ತರ ಪ್ರಬಂಧದ ವಿಷಯ ಒಪ್ಪಿಗೆಯಾಯಿತು: ದಿನವಿಡೀ ಕೂತೇ ಇರಬೇಕಾದವರ ಉಡುಪಿನ ಅಳತೆ. ಮಧ್ಯಾಹ್ನ ಹಳದಿ ಚೀಲ, ಹೊಟ್ಟೆಪಾಡು. ಬಟ್ಟೆ ಒಗೆಯುವ ಯಂತ್ರಕ್ಕೆ ಸೂಚನಾ ಪುಸ್ತಿಕೆ ಬರೆಯುತ್ತಿದ್ದೇನೆ, ಅದು ಮುಗಿದರೆ ಮಿಕ್ಸಿಯದು ಕಾಯುತ್ತಿದೆ. ಸಂಜೆ ಹಸಿರು ಚೀಲ, ನಮ್ಮ ಕಂಪನಿ. ಕಂಪನಿ ಎಂದರೆ ನಾನು, ನನ್ನ ಗೆಳತಿ ಗಡಿಬಿಡಿ, ಅವಳ ಕಂಪ್ಯೂಟರು ಮತ್ತು ಒಂದು ಗೋದಾಮಿನ ಮೂಲೆ. ಗಡಿಬಿಡಿ ಎಂದು ಹೆಸರಿಟ್ಟದ್ದು ನಾನೇ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಬಂದು 'ಲೇಟಾಯ್ತಾ?' ಅನ್ನುವವಳನ್ನು ಇನ್ನೇನೆಂದು ಕರೆಯಲಿ?

ಕಂಪನಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಅಪ್ಪನ ಪ್ಯಾಂಟಿನ ಕಥೆ ಹೇಳುತ್ತೇನೆ. ಹನ್ನೊಂದು ವರ್ಷ ಗಾಲಿಕುರ್ಚಿಯಲ್ಲಿ ಕೂತ ಮನುಷ್ಯನಿಗೆ ಅಂಗಡಿಯ ಪ್ಯಾಂಟು ಹಿಂದೆ ಇಳಿಯುತ್ತಿತ್ತು, ಮುಂದೆ ಚುಚ್ಚುತ್ತಿತ್ತು. ನೀನು ಪಕ್ಕದಲ್ಲಿ ತೆರೆಯುವಂಥದ್ದು ಹೊಲಿದುಕೊಟ್ಟೆ. ಆ ಮೇಲೆ ಮೈ ನೆಟ್ಟಗಿಲ್ಲದವರೆಲ್ಲ ನಿನ್ನ ಅಂಗಡಿ ಹುಡುಕಿಕೊಂಡು ಬಂದರು. ನೀನು ಒಬ್ಬೊಬ್ಬರಿಗೆ ಮಾಡಿದ್ದನ್ನು ನಾವು ನೂರಾರು ಜನಕ್ಕೆ ಮಾಡಬೇಕು. ಅಷ್ಟೇ.

ಊಟ ಮಾಡಿದೆ.

ನಿನ್ನ ಚೂಟಿ

*

ಜುಲೈ 19

ಚೂಟಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಒಂದು ಸಲ ಪಕ್ಕದ ಅಂಗಡಿಯ ಬೀಗದವರಿಗೆ ಓದಿ ಹೇಳಿದೆ. ಅವರು, "ನಿಮ್ಮ ಮಗಳಿಗೆ ಮೂರು ಚೀಲ ಇದೆ ಸರಿ, ಕೈ ಎಷ್ಟಿದೆ?" ಎಂದು ಕೇಳಿದರು. ಉತ್ತರ ನೀನೇ ಕೊಡು.

ಕಾಗದದ ಜೊತೆ ನೀನು ಕಳಿಸಿದ ಪುಸ್ತಿಕೆಯ ಕರಡನ್ನೂ ಓದಿದೆ. ಹದಿನಾಲ್ಕನೆಯ ಪುಟದಲ್ಲಿ 'ಯಂತ್ರ ಜೋರಾಗಿ ಅಲುಗಾಡಿದರೆ ಗಾಬರಿಯಾಗಬೇಡಿ, ಒಳಗೆ ತುಂಬಿದ್ದು ಹೆಚ್ಚಾಗಿದೆಯೇ ನೋಡಿ' ಎಂದಿದೆ. ಆ ಪುಟ ಹರಿದು ನಿನ್ನ ಗೋಡೆಗೆ ಅಂಟಿಸಿಕೋ.

ನನ್ನ ಕಡೆಯಿಂದ ಹೆಚ್ಚಿನ ಸುದ್ದಿಯಿಲ್ಲ. ಮೇಷ್ಟ್ರ ಹೆಗಲು ಇನ್ನೂ ಸ್ವಲ್ಪ ಬಾಗಿದೆ, ಹೊಸ ಅಳತೆ ಪಟ್ಟಿ ಕತ್ತರಿಸಿದೆ. ಮಹಡಿ ಮನೆಯ ಅಜ್ಜಿ ಹೋಗಿಬಿಟ್ಟರು. ಅವರ ಪಟ್ಟಿಯನ್ನು ಮೊಳೆಯಿಂದ ತೆಗೆದು ಮನೆಯವರಿಗೆ ಕೊಟ್ಟು ಬಂದೆ. ಸೊಸೆ ಅದನ್ನು ಕೈಯಲ್ಲಿ ಹಿಡಿದುಕೊಂಡು, "ಇಷ್ಟೇನಾ ಅತ್ತೆ?" ಎಂದು ಅತ್ತಳು. ಕಂದು ಕಾಗದದ ಒಂದು ಪಟ್ಟಿ, ಅಳತೆಗೆ ಕತ್ತರಿಯಿಂದ ಹಾಕಿದ ನಾಲ್ಕು ಕಚ್ಚು, ತುದಿಗೆ ಒಂದು ಹಳದಿ ಗುಂಡಿ. ನಾನು ಅವಳು ಕೊಟ್ಟ ಕಾಫಿ ಕುಡಿದು ಬಂದೆ.

ನೀನು ಊಟ ಮಾಡಿದೆ ಎಂದು ಬರೆದಿದ್ದೀಯ, ಏನು ಎಂದು ಬರೆದಿಲ್ಲ.

ಅಮ್ಮ

*

ಆಗಸ್ಟ್ 23

ಅಮ್ಮಾ,

ತಡವಾಯಿತು, ಬೈಯಬೇಡ. ಒಂದು ದೊಡ್ಡ ಸುದ್ದಿ: ಒಂದು ಆರೈಕೆ ಕೇಂದ್ರದವರು ನಲವತ್ತು ಜನರಿಗೆ ಉಡುಪು ಕೇಳಿದ್ದಾರೆ. ಮೊದಲು ಆರು ಜನಕ್ಕೆ ಹೊಲಿದು ತೋರಿಸಬೇಕು. ಸರಿಬಂದರೆ ಉಳಿದ ಮೂವತ್ತನಾಲ್ಕು ನಮ್ಮವು. ಬರದಿದ್ದರೆ ಗೋದಾಮಿನ ಮೂಲೆಯನ್ನು ಗುಡಿಸಿ ಬೀಗದ ಕೈ ವಾಪಸು ಕೊಟ್ಟು ಬರಬೇಕು. ಅಕ್ಟೋಬರ್‌ನಲ್ಲಿ ಪ್ರಬಂಧವನ್ನೂ ಒಪ್ಪಿಸಬೇಕು. ತಪ್ಪಿದರೆ ಮುಂದಿನ ಅವಧಿಯವರೆಗೆ ಕಾಯಬೇಕು.

ಕೇಂದ್ರದ ಹಿರಿಯ ನರ್ಸ್ ಗಟ್ಟಿ ಹೆಂಗಸು. ನಮ್ಮ ಮಾದರಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆಯಮ್ಮ. ಆದ್ರೆ ನಮ್ಮವರು ಆರು ತಿಂಗಳಿಗೆ ಇಳಿದುಹೋಗ್ತಾರೆ, ಇಲ್ಲ ಊದ್ಕೊಳ್ತಾರೆ. ಆವಾಗ ಏನ್ಮಾಡೋದು?" ಎಂದರು. ಗಡಿಬಿಡಿ, "ಹೊಸದು ಹೊಲಿಸಿ" ಎಂದುಬಿಟ್ಟಳು. ನಾನು ಅವಳ ಕಾಲು ತುಳಿದೆ. ಆ ಪ್ರಶ್ನೆಯನ್ನು ಹಸಿರು ಚೀಲಕ್ಕೆ ಹಾಕಿಕೊಂಡು ಬಂದೆ.

ಅಳತೆಯ ಕೋಷ್ಟಕ ಸಿದ್ಧವಾಗಿದೆ, ಆ ಆರು ಜನರ ಪ್ಯಾಂಟನ್ನೂ ಅದರಿಂದಲೇ ಕತ್ತರಿಸುವುದು. ಐವತ್ತನಾಲ್ಕು ಜನರ ಅಳತೆ ಸಿಕ್ಕಿತ್ತು, ಒಂದು ಹಾಳಾಗಿದ್ದರಿಂದ ಬಿಟ್ಟೆ, ಐವತ್ತಮೂರು ಉಳಿದವು. ನಮ್ಮ ಮಾರ್ಗದರ್ಶಕಿ ಮೇಡಂಗೆ ಬಹಳ ಖುಷಿಯಾಯಿತು. ಅವರ ಖುಷಿ ಎಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುವುದು.

ಬ್ರೆಡ್ಡು, ಮೊಟ್ಟೆ. ಕೇಳಿದೆಯಲ್ಲ.

ಚೂಟಿ

*

ಸೆಪ್ಟೆಂಬರ್ 14

ಅಮ್ಮಾ,

ಕೇಂದ್ರದಲ್ಲಿ ಪ್ಯಾಂಟುಗಳನ್ನು ತೊಡಿಸಿ ನೋಡಿದೆವು. ಆರಕ್ಕೆ ಆರೂ ಸಡಿಲವಾಗಿವೆ. ಆರು ಜನ, ಆರು ಥರದ ಮೈ. ಒಬ್ಬರು ಕಡ್ಡಿ, ಒಬ್ಬರು ಮೂಟೆ. ಆದರೆ ಎಲ್ಲರ ಸೊಂಟದಲ್ಲೂ, ಎಲ್ಲರ ತೊಡೆಯಲ್ಲೂ ಹೆಚ್ಚಾಗಿರುವುದು ಒಂದೇ ಅಳತೆ. ನರ್ಸ್ ಕೈ ಹಾಕಿ ತೋರಿಸಿದರು: ಸರಿಯಾಗಿ ಎರಡು ಬೆರಳು. ಎತ್ತಿ ಕೂರಿಸುವಾಗ ಪ್ಯಾಂಟು ಕೈಯಲ್ಲೇ ಉಳಿಯುತ್ತದಂತೆ. ಒಬ್ಬ ತಾತ, "ನನ್ನ ಜೊತೆ ಇನ್ನೊಬ್ಬರು ಕೂರಬಹುದು" ಎಂದು ನಕ್ಕರು. ನಾನೂ ನಕ್ಕೆ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಗಡಿಬಿಡಿ ಲೆಕ್ಕವನ್ನು ಹತ್ತು ಸಲ ನೋಡಿದಳು. ಕೂತವರಿಗೆ ಉಸಿರಾಡಲು, ಬಾಗಲು ಬೇಕಾದ ಸಡಿಲ ಒಂದೂವರೆ ಇಂಚು. ಅದನ್ನು ಕಂಪ್ಯೂಟರು ಒಂದೇ ಸಲ ಸೇರಿಸಿದೆ. ಬಟ್ಟೆ ಹಿಗ್ಗುವಂಥದ್ದಲ್ಲ. ಹೊಲಿಗೆಯವರು ನಕ್ಷೆಯಂತೆಯೇ ಕತ್ತರಿಸಿದ್ದಾರೆ. ನಲವತ್ತು ವರ್ಷ ಕತ್ತರಿ ಹಿಡಿದವಳು ನೀನು. ಎಲ್ಲಿ ತಪ್ಪಿತು, ಹೇಳು.

ಚೂಟಿ

*

ಸೆಪ್ಟೆಂಬರ್ 20

ಚೂಟಿ,

ಎಲ್ಲಿ ತಪ್ಪಿತು ಎಂದು ನಿನ್ನ ಕಾಗದದ ಮೊದಲ ನಾಲ್ಕು ಸಾಲಿಗೇ ತಿಳಿಯಿತು. ಆ ಎರಡು ಬೆರಳು ನನ್ನವು.

ನಾನು ಟೇಪು ಹಿಡಿಯುವುದಿಲ್ಲ, ನಿನಗೆ ಗೊತ್ತು. ಕಾಗದದ ಪಟ್ಟಿಯನ್ನು ಮೈಗೆ ಸುತ್ತಿ, ನಡುವೆ ಎರಡು ಬೆರಳು ಇಟ್ಟು, ಆಮೇಲೆ ಕಚ್ಚು ಹಾಕುತ್ತೇನೆ. ನನಗೆ ಕಲಿಸಿದವರು ಹಾಗೆ ಕಲಿಸಿದರು. ಸಡಿಲ ಪಟ್ಟಿಯೊಳಗೇ ಇರುತ್ತದೆ, ಕತ್ತರಿಸುವಾಗ ಮತ್ತೆ ಸೇರಿಸುವುದಿಲ್ಲ. ನಿಮ್ಮ ಕಂಪ್ಯೂಟರು ನನ್ನ ಎರಡು ಬೆರಳಿನ ಮೇಲೆ ತನ್ನದೂ ಎರಡು ಬೆರಳು ಇಟ್ಟಿದೆ. ಕೇಳಿದ್ದರೆ ಹೇಳುತ್ತಿದ್ದೆ.

ಈಗ ನಾನು ಕೇಳುತ್ತೇನೆ. ನನ್ನ ಗೋಡೆಯ ಪಟ್ಟಿಗಳ ಅಳತೆ ನಿನಗೆ ಹೇಗೆ ಸಿಕ್ಕಿತು? ಜೂನ್‌ನಲ್ಲಿ ನೀನು ನಾಲ್ಕು ದಿನ ಬಂದಿದ್ದೆ. ನಾನು ನೂಲು ತರಲು ಹೋದಾಗ ಅಂಗಡಿಯಲ್ಲಿ ನೀನೊಬ್ಬಳೇ ಇದ್ದೆ. ಬಂದಾಗ ಎಲ್ಲ ಪಟ್ಟಿಗಳೂ ಮೊಳೆಯ ಮೇಲೆಯೇ ಇದ್ದವು, ಆದರೆ ಗುಂಡಿಗಳು ಗೋಡೆಯ ಕಡೆ ತಿರುಗಿದ್ದವು. ಗಾಳಿ ಎಂದುಕೊಂಡೆ.

ಅಮ್ಮ

*

ಸೆಪ್ಟೆಂಬರ್ 25

ಅಮ್ಮಾ,

ಹೌದು. ಆ ಒಂದು ಗಂಟೆಯಲ್ಲಿ ಪಕ್ಕದಲ್ಲಿ ಅಳತೆಗೋಲು ಇಟ್ಟು ಎಲ್ಲವನ್ನೂ ಫೋಟೋ ತೆಗೆದೆ. ಹೇಳೋಣ ಎಂದುಕೊಂಡೇ ತೆಗೆದದ್ದು. ನೀನು ಬಂದೆ, ಜೊತೆಯಲ್ಲಿ ಮೇಷ್ಟ್ರೂ ಬಂದರು, ಮಾತು ಎಲ್ಲೋ ಹೋಯಿತು. ಆಮೇಲೆ ಬಸ್ಸಿನ ಹೊತ್ತಾಯಿತು.

ಐವತ್ತು ಜನರನ್ನು ಹುಡುಕಿ ಒಬ್ಬೊಬ್ಬರನ್ನೂ ಅಳೆಯಲು ನನಗೆ ನಾಲ್ಕು ತಿಂಗಳು ಬೇಕಿತ್ತು. ಮೂರು ಚೀಲದಲ್ಲಿ ಯಾವುದರಲ್ಲೂ ನಾಲ್ಕು ತಿಂಗಳು ಇರಲಿಲ್ಲ. ನಿನ್ನ ಪಟ್ಟಿಯ ಮೇಲೆ ಯಾರ ಹೆಸರೂ ಇಲ್ಲವಲ್ಲ, ಬರೀ ಗುಂಡಿ. ಗುಂಡಿಯಿಂದ ಯಾರಿಗೆ ಏನು ತಿಳಿಯುತ್ತದೆ? ಯಾರಿಗೂ ನಷ್ಟವಿಲ್ಲ. ಈಗ ಒಂದೂವರೆ ಇಂಚು ಕಳೆದರೆ ಎಲ್ಲವೂ ಸರಿಹೋಗುತ್ತದೆ. ಎಲ್ಲ ಕಚ್ಚಿಗೂ ಎರಡು ಬೆರಳೇನಾ, ತೋಳಿಗೂ ಅಷ್ಟೇನಾ? ಅದೊಂದು ಹೇಳಿಬಿಡು. ಹದಿನೈದು ದಿನ ಮಾತ್ರ ಉಳಿದಿದೆ.

ಬೇಜಾರು ಮಾಡಿಕೊಳ್ಳಬೇಡ.

ಚೂಟಿ

*

ಅಕ್ಟೋಬರ್ 16

ಅಮ್ಮಾ,

ನಿನ್ನ ಪಾರ್ಸೆಲ್ ಬಂದು ಹತ್ತು ದಿನವಾಯಿತು. ಒಂದು ಪ್ಯಾಂಟು, ಸರಿಯಾದ ಅಳತೆಯದು. ಬಲ ಜೇಬಿಗೆ ಕೈ ಹಾಕಿದೆ, ಎಡ ಜೇಬಿಗೆ ಹಾಕಿದೆ, ಹಿಂದಿನ ಜೇಬನ್ನು ಒಳಹೊರಗು ಮಾಡಿದೆ. ಏನೂ ಇರಲಿಲ್ಲ. ಸೂಜಿ ಕೂಡ ಇರಲಿಲ್ಲ. ಎಷ್ಟು ಕಳೆಯಬೇಕು ಎಂದು ಆ ಪ್ಯಾಂಟಿನಿಂದಲೇ ತಿಳಿಯಿತು. ನೀನು ಮಾತು ಬಿಟ್ಟೆ, ಕೆಲಸ ಬಿಡಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಪ್ರಬಂಧದಲ್ಲಿ ಒಂದು ವಾಕ್ಯ ಬರೆದಿದ್ದೆ: 'ಈ ಅಳತೆಗಳನ್ನು ಆಯಾ ವ್ಯಕ್ತಿಗಳ ಒಪ್ಪಿಗೆ ಪಡೆದು ಬಳಸಲಾಗಿದೆ.' ಬರೆದು ಮುಂದಿನ ಸಾಲಿಗೆ ಹೋದೆ, ನೋಡು. ಸೂಚನಾ ಪುಸ್ತಿಕೆ ಬರೆದೂ ಬರೆದೂ ಇಂಥ ವಾಕ್ಯ ತಾನಾಗಿಯೇ ಬರುತ್ತದೆ. ಒಪ್ಪಿಸುವ ಹಿಂದಿನ ದಿನ ಅದನ್ನು ಮತ್ತೆ ಓದಿದೆ. ಆ ಖಾಲಿ ಜೇಬು ನೆನಪಾಯಿತು. ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಅವರು ಕೂಗಾಡಲಿಲ್ಲ. ಕನ್ನಡಕವನ್ನೂ ಒರೆಸಲಿಲ್ಲ. "ಆ ವಾಕ್ಯ ನಿಜ ಮಾಡ್ಕೊಂಡು ಬಾ. ಆಗದಿದ್ರೆ ಕೋಷ್ಟಕ ಪೂರ್ತಿ ತೆಗೆದು ಮೊದಲಿಂದ ಶುರು ಮಾಡು. ಈ ಅವಧಿಗೆ ನಾನು ಸಹಿ ಹಾಕಲ್ಲ" ಎಂದರು. ಕಂಪನಿಯೂ ಅದೇ ಕೋಷ್ಟಕದ ಮೇಲೆ ನಿಂತಿದೆ. ನರ್ಸ್‌ಗೂ ಹೇಳಬೇಕಾಯಿತು. ಮಾರ್ಚ್‌ವರೆಗೆ ಕಾಯುತ್ತಾರಂತೆ, ಅದರ ಮೇಲೆ ಇಲ್ಲ. ಗಡಿಬಿಡಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದು, "ನನಗೆ ಯಾಕೆ ಹೇಳ್ಲಿಲ್ಲ? ನಿಮ್ಮಮ್ಮಂಗೆ ಮಾತ್ರ ಮಾಡಿದ್ದಲ್ಲ ಇದು" ಎಂದಳು. ಅದೂ ನಿಜ.

ಮಿಕ್ಸಿಯ ಪುಸ್ತಿಕೆ ಬಿಟ್ಟುಕೊಟ್ಟೆ. ಈಗ ಹಳದಿ ಚೀಲ ಸಪಾಟಾಗಿ ಗೋಡೆಗೆ ಅಂಟಿಕೊಂಡಿದೆ.

ತಪ್ಪಾಯಿತು ಅಮ್ಮಾ. ಉತ್ತರ ಬರೆಯದಿದ್ದರೂ ಸರಿ, ಮುಂದಿನ ಸಲ ಜೇಬಿನಲ್ಲಿ ಸೂಜಿಯನ್ನಾದರೂ ಮರೆತುಬಿಡು.

ಚೂಟಿ

*

ನವೆಂಬರ್ 2

ಚೂಟಿ,

ಗುಂಡಿಯಿಂದ ಯಾರಿಗೆ ಏನು ತಿಳಿಯುತ್ತದೆ ಎಂದು ನೀನು ಕೇಳಿದ್ದೆ. ನನಗೆ ತಿಳಿಯುತ್ತದೆ.

ಬ್ಯಾಂಕಿನ ಕ್ಯಾಷಿಯರಮ್ಮ ಹತ್ತೊಂಬತ್ತು ವರ್ಷದಿಂದ ನನ್ನ ಹತ್ತಿರ ಹೊಲಿಸುತ್ತಾರೆ. ಅವರ ಸೊಂಟದ ಒಂದು ಬದಿ ಮೇಲಿದೆ ಎಂದು ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೂ ಗೊತ್ತಿಲ್ಲ. ನಾನು ಹಾಗೆ ಹೊಲಿಯುತ್ತೇನೆ. ಮೊದಲ ದಿನ ಪಟ್ಟಿ ಸುತ್ತುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಹೆಸರು ಬರೆಯದೆ ಗುಂಡಿ ಕಟ್ಟುವುದು ಅದಕ್ಕೇ. ಯಾರಾದರೂ ಅಂಗಡಿಗೆ ಬಂದರೆ ಗೋಡೆ ನೋಡಿ ಏನೂ ತಿಳಿಯಬಾರದು. ನೀನು ಅದನ್ನೇ ಹಿಡಿದು ನನಗೆ ವಾದ ಹೇಳಿದೆ. ಕೋಪ ಬಂದದ್ದು ಅದಕ್ಕೆ, ಫೋಟೋ ತೆಗೆದದ್ದಕ್ಕಲ್ಲ.

ಇನ್ನೊಂದು ಮಾತು. ನೀನು ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆನೋ ಏನೋ. ನಿನಗೆ ಅದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಈ ಒಂದು ತಿಂಗಳು ಅದನ್ನೇ ಯೋಚಿಸಿದೆ. ಮಗಳು ಅಮ್ಮನನ್ನು ಕೇಳಲು ಹೆದರುತ್ತಾಳೆ ಎಂದರೆ ಅದರಲ್ಲಿ ಒಂದು ಬೆರಳು ತಪ್ಪು ನನ್ನದೂ ಇದೆ.

ಆ ಪಟ್ಟಿಗಳು ನನ್ನವಲ್ಲ, ಆದ್ದರಿಂದ ನಾನು ಕೊಡಲಾರೆ. ಅವರನ್ನೇ ಕೇಳು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆ. ಒಂದೇ ಬರೆದು ಐವತ್ತು ಪ್ರತಿ ತೆಗೆಸಬೇಡ. ಹೆಸರು ನಾನು ಹೇಳುವುದಿಲ್ಲ. ಲಕೋಟೆಯ ಮೇಲೆ ಗುಂಡಿ ಯಾವುದು ಎಂದು ಬರೆದರೆ ಸಾಕು. ಅವರು ಅಂಗಡಿಗೆ ಬಂದಾಗ ನಾನು ಕೈಗೆ ಕೊಡುತ್ತೇನೆ. ನಿನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ, ನಿನ್ನ ವಿರುದ್ಧವೂ ಆಡುವುದಿಲ್ಲ.

ಜೇಬು ಖಾಲಿ ಬಿಡಲು ನನಗೂ ಸುಲಭವಾಗಿರಲಿಲ್ಲ. ಬರೆದ ಮೂರು ಚೀಟಿ ಒಲೆಗೆ ಹೋದವು.

ಅಮ್ಮ

*

ನವೆಂಬರ್ 28

ಅಮ್ಮಾ,

ಐವತ್ತನಾಲ್ಕು ಲಕೋಟೆ ಕಳಿಸಿದ್ದೇನೆ. ಹದಿನೇಳು ದಿನ ಹಿಡಿಯಿತು. ಕೊನೆಕೊನೆಗೆ ಬೆರಳಿನಲ್ಲಿ ನಿನ್ನ ಕತ್ತರಿ ಮಾಡುವಂಥ ಗಂಟು ಎದ್ದಿತು. ಫೋಟೋಗಳನ್ನು ಒಂದೊಂದೇ ಎದುರಿಗಿಟ್ಟು ಬರೆದೆ. ಜೂನ್‌ನಲ್ಲಿ ಅವುಗಳನ್ನು ನೋಡಿದ್ದು ಸಂಖ್ಯೆಗಾಗಿ. ಈಗ ನೋಡಿದರೆ ಒಂದೊಂದರಲ್ಲಿ ಒಬ್ಬೊಬ್ಬರು ಕೂತಿದ್ದಾರೆ ಎನ್ನಿಸಿತು.

ಪ್ರಬಂಧದಲ್ಲಿ ಬಳಸದೆ ಬಿಟ್ಟ ಒಬ್ಬರಿಗೂ ಬರೆದಿದ್ದೇನೆ. ಬಳಸದಿದ್ದರೂ ಫೋಟೋ ತೆಗೆದದ್ದು ನಿಜ ತಾನೆ. ಅದು ಹಿತ್ತಾಳೆ ಗುಂಡಿಯದು.

ಚೂಟಿ

*

(ಲಕೋಟೆಯ ಮೇಲೆ: ಹಿತ್ತಾಳೆ ಗುಂಡಿಯವರಿಗೆ)

ನವೆಂಬರ್ 26

ನಮಸ್ಕಾರ.

ನಾನು ನಿಮ್ಮ ಟೈಲರಮ್ಮನ ಮಗಳು. ಜೂನ್‌ನಲ್ಲಿ ಅವರನ್ನೂ ಕೇಳದೆ, ನಿಮ್ಮನ್ನೂ ಕೇಳದೆ, ನಿಮ್ಮ ಅಳತೆಯ ಪಟ್ಟಿಯನ್ನು ಫೋಟೋ ತೆಗೆದುಕೊಂಡೆ. ಓದಿಗೂ ವ್ಯಾಪಾರಕ್ಕೂ ಬಳಸಬೇಕು ಎಂದಿದ್ದೆ. ಅದು ತಪ್ಪು, ಕ್ಷಮಿಸಿ.

ನಿಮಗೆ ಇನ್ನೊಂದು ತಪ್ಪನ್ನೂ ಒಪ್ಪಿಸಬೇಕು. ಬೇರೆಯವರ ಪಟ್ಟಿಯಲ್ಲಿ ಸೊಂಟಕ್ಕೆ ಒಂದೇ ಕಚ್ಚು ಇದೆ. ನಿಮ್ಮದರಲ್ಲಿ ಆರು ಇವೆ, ಒಂದಕ್ಕಿಂತ ಒಂದು ಒಳಗೆ. ಯಾವುದು ನಿಮ್ಮ ಅಳತೆ ಎಂದು ತಿಳಿಯದೆ 'ಹಾಳಾದ ಪಟ್ಟಿ' ಎಂದು ಬರೆದು ನಿಮ್ಮನ್ನು ಬಿಟ್ಟುಬಿಟ್ಟೆ. ಈಗ ನಿಧಾನವಾಗಿ ನೋಡಿದರೆ ಕಚ್ಚುಗಳು ಬಹಳ ನೀಟಾಗಿವೆ. ಹಾಳಾದದ್ದಲ್ಲ. ಬೇಕೆಂದೇ ಹಾಕಿದ್ದು.

ನಿಮಗೆ ಹುಷಾರಿಲ್ಲವೇ? ಕೇಳಬಹುದೋ ಬಾರದೋ ಗೊತ್ತಿಲ್ಲ. ಈಗ ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ನಿಮ್ಮ ಪಟ್ಟಿಯನ್ನು ಬಳಸಬಹುದೇ ಎಂದು ತಿಳಿಸಿ. ಬೇಡ ಎಂದರೆ ಫೋಟೋ ಅಳಿಸಿಹಾಕುತ್ತೇನೆ.

ಟೈಲರಮ್ಮನ ಮಗಳು

*

ಜನವರಿ 10

ಚೂಟಿ,

ನಲವತ್ತೊಂದು ಜನ ಹೂಂ ಎಂದರು, ಮಹಡಿ ಮನೆಯ ಅಜ್ಜಿಯ ಪರವಾಗಿ ಅವರ ಸೊಸೆಯೂ ಸೇರಿ. ಒಂಬತ್ತು ಜನ ಬೇಡ ಎಂದರು. ಮೂವರು ಇನ್ನೂ ಅಂಗಡಿಗೆ ಬಂದಿಲ್ಲ, ಅವರನ್ನು ಬೇಡ ಎಂದವರ ಜೊತೆಗೇ ಸೇರಿಸಿಕೋ. ಸಹಿ ಹಾಕಿದ ಕಾಗದಗಳು ಇದರ ಜೊತೆ ಕಳಿಸಿದ ಪ್ಯಾಂಟಿನ ಜೇಬುಗಳಲ್ಲಿವೆ, ಎಲ್ಲ ಜೇಬೂ ನೋಡು.

ಕ್ಯಾಷಿಯರಮ್ಮ ನಿನ್ನ ಕಾಗದವನ್ನು ಅಂಗಡಿಯಲ್ಲೇ ನಿಂತು ಓದಿದರು. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. "ನನ್ನ ಥರದವರು ಇನ್ನೂ ಇದಾರಾ?" ಎಂದು ಕೇಳಿದರು. ಇದ್ದಾರೆ ಎಂದೆ. ಸಹಿ ಹಾಕಿದರು. ಮೇಷ್ಟ್ರು ಬೇಡ ಎಂದರು. ನಿನ್ನ ಕಾಗದದಲ್ಲಿ ಎರಡು ಅಕ್ಷರ ತಪ್ಪಿವೆಯಂತೆ, ತಿದ್ದಿ ಕಳಿಸಿದ್ದಾರೆ. ಬೀಗದವರು, ಅವರ ಪಟ್ಟಿಯೇ ನನ್ನ ಹತ್ತಿರ ಇಲ್ಲ, ಆದರೂ "ನನ್ನದೂ ತಗೊಳ್ಳಿ" ಎಂದು ಹಟ ಹಿಡಿದಿದ್ದಾರೆ.

ಹಿತ್ತಾಳೆ ಗುಂಡಿಯವರಿಗೆ ನೀನು ಬರೆದದ್ದನ್ನು ನಾನು ತೆರೆದೆ. ಬೇರೆ ಯಾರ ಕಾಗದವನ್ನೂ ತೆರೆದಿಲ್ಲ.

ಅದು ನಿನ್ನ ಅಪ್ಪನ ಪಟ್ಟಿ. ಆ ಗುಂಡಿ ಅವರು ಹೋಟೆಲಿನ ಬಾಗಿಲಲ್ಲಿ ನಿಲ್ಲುವಾಗ ಹಾಕುತ್ತಿದ್ದ ಕೋಟಿನದು. ಅವರು ಬಿದ್ದು ಗಾಲಿಕುರ್ಚಿ ಹಿಡಿದಾಗ ನಿನಗೆ ನಾಲ್ಕು ವರ್ಷ. ಆ ಕೋಟು ನಿನಗೆ ನೆನಪಿರಲಾರದು. ಹೋದವರ ಪಟ್ಟಿಯನ್ನು ಮನೆಯವರಿಗೆ ಕೊಡುವುದು ನನ್ನ ಪದ್ಧತಿ. ಅವರು ಹೋದ ಮೇಲೆ ಮೊಳೆಯಿಂದ ತೆಗೆದೆ. ಮನೆಯವಳು ನಾನೇ. ಮತ್ತೆ ಅದೇ ಮೊಳೆಗೆ ಹಾಕಿದೆ.

ಬೇರೆಯವರ ಮೈ ಬದಲಾದರೆ ಹೊಸ ಪಟ್ಟಿ ಕತ್ತರಿಸುತ್ತೇನೆ. ಅವರಿಗೆ ಹೊಸದು ಕತ್ತರಿಸಲು ಕೈ ಬರಲಿಲ್ಲ. ಕೊನೆಯ ಎರಡು ವರ್ಷ ಇಳಿಯುತ್ತಾ ಹೋದರು. ಪ್ರತಿ ಸಲ ಹಳೆಯ ಪಟ್ಟಿಗೇ ಒಂದು ಕಚ್ಚು ಒಳಗೆ ಹಾಕಿ ಪ್ಯಾಂಟು ಹಿಡಿಸುತ್ತಿದ್ದೆ. "ಬಟ್ಟೆ ಹಿಗ್ಗಿದೆ, ಸ್ವಲ್ಪ ಹಿಡಿಸ್ತೀನಿ" ಎನ್ನುತ್ತಿದ್ದೆ. ಅವರು, "ಹೂಂ, ಈಗಿನ ಬಟ್ಟೆ ಮೊದಲಿನ ಥರ ಇಲ್ಲ ಬಿಡು" ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು. ಹಿಗ್ಗುವ ಬಟ್ಟೆಯಲ್ಲ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆರನೆಯ ಕಚ್ಚಿಗೆ ಹಿಡಿಸಿದ ಪ್ಯಾಂಟನ್ನು ಎರಡೇ ದಿನ ಹಾಕಿದರು.

ಹುಷಾರಿಲ್ಲವೇ ಎಂದು ಕೇಳಿದ್ದೀಯ. ಅವರ ಹತ್ತಿರ ಆ ಮಾತನ್ನು ನಾವು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಚೂಟಿ. ನೀನು ಕೇಳಿದೆ. ಕಾಗದವನ್ನು ಗೋಡೆಯ ಹತ್ತಿರ ನಿಂತು ಗಟ್ಟಿಯಾಗಿ ಓದಿದೆ, ಗಿರಾಕಿ ಯಾರೂ ಇರಲಿಲ್ಲ. ಆಮೇಲೆ ಬಾಗಿಲು ಹಾಕಿ ತುಂಬಾ ಅತ್ತೆ. ಅವರು ಹೋದ ಮೇಲಿನ ಒಂಬತ್ತು ವರ್ಷದ್ದು ಬಾಕಿ ಇತ್ತು.

ಅವರ ಒಪ್ಪಿಗೆಗೆ ನನ್ನ ಸಹಿ ಹಾಕಿದ್ದೇನೆ. ನಲವತ್ತೆರಡು ಎಂದು ಬರೆದುಕೋ.

ಅಮ್ಮ

*

ಮಾರ್ಚ್ 3

ಅಮ್ಮಾ,

ನಿನ್ನ ಕಾಗದ ಬಂದ ದಿನ ಮೂರು ಚೀಲವನ್ನೂ ಮುಟ್ಟಲಿಲ್ಲ. ಮರುದಿನ ಮೂರನ್ನೂ ಒಟ್ಟಿಗೆ ತೆಗೆದೆ. ಉತ್ತರಕ್ಕೆ ಇಷ್ಟು ತಡವಾದದ್ದು ಈ ಪಾರ್ಸೆಲ್ ಜೊತೆಗೇ ಕಳಿಸಬೇಕು ಎಂದು.

ಪ್ರಬಂಧಕ್ಕೆ ಮೇಡಂ ಸಹಿ ಹಾಕಿದರು. ಆ ವಾಕ್ಯ ಈಗ ನಿಜ. ಹನ್ನೆರಡು ಅಳತೆ ಕಡಿಮೆಯಾದವು, ಒಂದು ಅಧ್ಯಾಯ ಹೆಚ್ಚಾಯಿತು. ಅಧ್ಯಾಯದಲ್ಲಿ ಇರುವುದು ಒಂದೇ ಪಟ್ಟಿ, ಆರು ಕಚ್ಚು. ಯಾರದ್ದು ಎಂದು ಬರೆದಿಲ್ಲ. ಹಿತ್ತಾಳೆ ಗುಂಡಿ ಎಂದಷ್ಟೇ ಬರೆದಿದ್ದೇನೆ. ಮಿಕ್ಸಿಯ ಬದಲು ಫ್ಯಾನಿನ ಪುಸ್ತಿಕೆ ಬಂದಿದೆ. ಒಪ್ಪಿಕೊಂಡಿದ್ದೇನೆ, ಆದರೆ ಮೇ ತಿಂಗಳಿಗೆ ಎಂದು ಹೇಳಿ. ಅದೂ ಹದಿನಾಲ್ಕನೆಯ ಪುಟದ ಉಪಕಾರ.

ಆರೈಕೆ ಕೇಂದ್ರಕ್ಕೆ ಹೊಸ ಪ್ಯಾಂಟು ತೋರಿಸಿದೆವು. ಮಾದರಿಗೆ ಒಂದು ನಿನಗೂ ಕಳಿಸಿದ್ದೇನೆ. ಸೊಂಟದ ಪಟ್ಟಿಯನ್ನು ಮಡಚಿ ನೋಡು. ಒಳಗೆ ಆರು ಗುಂಡಿಮನೆಗಳಿವೆ, ಒಂದಕ್ಕಿಂತ ಒಂದು ಒಳಗೆ. ಮೈ ಇಳಿದಂತೆ ಮುಂದಿನದಕ್ಕೆ ಹಾಕಿಕೊಳ್ಳಬಹುದು, ಊದಿದರೆ ಹಿಂದಕ್ಕೆ ಬರಬಹುದು. ಹೊಸದು ಹೊಲಿಸಬೇಕಿಲ್ಲ, ಟೈಲರನ್ನು ಕರೆಯಬೇಕಿಲ್ಲ. ನರ್ಸ್ ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿ, "ಇದು ಯಾರಿಗೆ ಹೊಳೀತು?" ಎಂದು ಕೇಳಿದರು. ಗಡಿಬಿಡಿ ಬಾಯಿ ತೆಗೆಯುವ ಮೊದಲೇ ಅವಳ ಕಾಲು ತುಳಿದು, "ನಮ್ಮಮ್ಮನಿಗೆ" ಎಂದೆ. ಮೂವತ್ತನಾಲ್ಕೂ ನಮಗೇ ಬಂದವು.

ಗುಂಡಿಮನೆಗಳನ್ನು ಹೊರಗೇ ಇಡೋಣ, ಸುಲಭ, ಎಂದು ಗಡಿಬಿಡಿ ಹೇಳಿದಳು. ನಾನು ಒಪ್ಪಲಿಲ್ಲ. ಒಳಗೇ ಇರಬೇಕು. ಎಷ್ಟನೆಯದಕ್ಕೆ ಬಂದಿದ್ದಾರೆ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಹಾಕಿಕೊಂಡವರು ಬಟ್ಟೆ ಹಿಗ್ಗಿದೆ ಎಂದು ಹೇಳಬಹುದು.

ನಿನ್ನ ಚೂಟಿ